ಬೆಂಡೆಕಾಯಿಯ ತುದಿ

ಮನುಷ್ಯರನ್ನಾದರೂ ಮುಖ ನೋಡಿ ನಂಬಿಬಿಡುತ್ತೇನೆ. ಬೆಂಡೆಕಾಯಿಯನ್ನು ನಂಬುವುದು ನನ್ನಿಂದಾಗದು. ಎಷ್ಟೇ ಎಳೆಯದಾಗಿ ಕಂಡರೂ ತುದಿ ಮುರಿದಾಗ ‘ಟಕ್’ ಎಂದರಷ್ಟೇ ಅದು ನನ್ನ ಚೀಲಕ್ಕೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಮೆದುವಾಗಿ ಮಾತಾಡುವುದನ್ನು ಕಲಿಸಿದರು. ಬೆರಳುಗಳಿಗೆ ಏನೂ ಹೇಳಿಕೊಡಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ಅಂಗಡಿ ಇಟ್ಟಿರುವ ರುಕ್ಸಾನಾ, ಶನಿವಾರ ಬಾಳಗಡಿಯಲ್ಲಿ ನಾನು ಹೆಂಗಸರಿಗೆ ಪುಕ್ಕಟೆ ನಡೆಸುವ ಇಂಗ್ಲಿಷ್ ಕ್ಲಾಸಿನ ವಿದ್ಯಾರ್ಥಿನಿಯೂ ಹೌದು. ಶೃಂಗೇರಿಗೆ ಹೋಗುವ ಪರ ಊರಿನವರು ಕಾರು ನಿಲ್ಲಿಸಿ ಏನಾದರೂ ಕೇಳಿದರೆ ತಾನೇ ಉತ್ತರ ಕೊಡಬೇಕೆಂದು ಅವಳ ಆಸೆ. ಈಚೆಗೆ ನಾನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅವಳು ಓಡಿ ಬಂದು, “ನೀವ್ಯಾಕೆ ಕೈ ಹಾಕ್ತೀರಿ ಟೀಚರ್, ನಾನೇ ಆರಿಸಿ ಕೊಡ್ತೀನಿ” ಎನ್ನತೊಡಗಿದಳು. ನನಗೆ ಸಂಶಯ ಬಂತು. ಬಲಿತದ್ದನ್ನೆಲ್ಲ ಗುರುದಕ್ಷಿಣೆಯೆಂದು ದಾಟಿಸುತ್ತಿದ್ದಾಳೋ ಹೇಗೆ? ಮನೆಗೆ ಬಂದು ಒಂದೊಂದನ್ನೇ ಮುರಿದು ನೋಡಿದೆ. ಎಲ್ಲವೂ ಎಳೆಯವು! ಸಂಶಯ ಇನ್ನೂ ಬಲಿಯಿತು. ಇಷ್ಟು ಒಳ್ಳೆಯದನ್ನು ಯಾರಾದರೂ ಸುಮ್ಮನೆ ಆರಿಸಿ ಕೊಡುತ್ತಾರೆಯೇ?

“ಅವಳಿಗೆ ನಿನ್ನ ಮೇಲೆ ಗೌರವ ಮಾರಾಯ್ತಿ” ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಪಲ್ಯ ಎರಡನೇ ಸಲ ಬಡಿಸಿಕೊಂಡು ಹೀಗೆ ಹೇಳುವವರ ಮೇಲೂ ನನಗೆ ಸಂಶಯವೇ.

ಹೋದ ಶನಿವಾರ ಅಂಗಡಿಯ ಸಂಭಾಷಣೆಯ ಪಾಠ. “ತಪ್ಪಾದರೂ ಪರವಾಗಿಲ್ಲ, ಮನಸ್ಸಿನಲ್ಲಿ ಇದ್ದದ್ದನ್ನು ಧೈರ್ಯವಾಗಿ ಇಂಗ್ಲಿಷಿನಲ್ಲಿ ಹೇಳಿ” ಎಂದೆ. ನಾನು ಸೀರೆ ಕೊಳ್ಳುವ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಸುಮಿತ್ರಾ ಅಂಗಡಿಯವಳಾದಳು, ರುಕ್ಸಾನಾ ಗಿರಾಕಿ. ಅವಳು ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು, ಪೆನ್ಸಿಲುಗಳನ್ನೇ ಬೆಂಡೆಕಾಯಿ ಮಾಡಿಕೊಂಡು, ಒಂದೊಂದರ ತುದಿಯನ್ನೂ ಬಗ್ಗಿಸಿ ನೋಡುತ್ತ, ಬಲು ಮೆದುವಾಗಿ, “ಈಸ್ ಇಟ್ ಫ್ರೆಶ್, ಡಿಯರ್? ಆರ್ ಯು ಶೂರ್?” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಂಥೆಂಥ ಗಿರಾಕಿಗಳಿರುತ್ತಾರಪ್ಪ ಎಂದುಕೊಂಡೆ. ಆ ‘ಡಿಯರ್’ ಮಾತ್ರ ಎಲ್ಲೋ ಕೇಳಿದ ಹಾಗಿತ್ತು.

ಕ್ಲಾಸು ಮುಗಿದ ಮೇಲೆ ರುಕ್ಸಾನಾ ಬಾಗಿಲಲ್ಲೇ ನಿಂತಿದ್ದಳು. “ಬೇಜಾರಾಯ್ತಾ ಟೀಚರ್? ನೀವು ತುದಿ ಮುರಿದು ಬಿಟ್ಟು ಹೋದದ್ದನ್ನ ಮತ್ಯಾರೂ ಮುಟ್ಟೋದಿಲ್ಲ. ಸಂಜೆಗೆ ದನದ ಬಾಯಿಗೇ. ಕನ್ನಡದಲ್ಲಿ ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ. ಇಂಗ್ಲಿಷಲ್ಲಾದ್ರೆ ನೀವೇ ಧೈರ್ಯ ಕೊಟ್ರಲ್ಲ!”

ತಿದ್ದೋಣವೆಂದರೆ ಅವಳ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಈಗ ಅವಳ ಅಂಗಡಿಯಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ನಿಲ್ಲುತ್ತೇನೆ. ಈ ವಾರ ದೂರು ಹೇಳುವುದು ಹೇಗೆ ಎಂಬ ಪಾಠವಿತ್ತು, ಸದ್ಯಕ್ಕೆ ಮುಂದೂಡಿದ್ದೇನೆ. “ಅದು ಯಾವಾಗ ಟೀಚರ್?” ಎಂದು ಸುಮಿತ್ರಾ ಸಿಕ್ಕಾಗಲೆಲ್ಲ ಕೇಳುತ್ತಾಳೆ. ಬಟ್ಟೆ ಅಂಗಡಿಯವಳಿಗೆ ಇಂಗ್ಲಿಷಿನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕೆ ಬಂತೋ, ನನಗೆ ಸಂಶಯ.