ಗುಟ್ಟಿನ ಭಾಷೆಯಲ್ಲಿ ಹಿಡಿದ ಬಾಡಿಗೆ ಮನೆ

ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಹುಡುಕುವುದೇನು ಮಹಾ ಎಂದುಕೊಂಡಿದ್ದವನು ನಾನು. ಒಂದು ಭಾನುವಾರ ಸಾಕು ಎಂದು ಹೆಂಡತಿ ಸುಜಾತಾಳಿಗೆ ಮಾತನ್ನೂ ಕೊಟ್ಟಿದ್ದೆ. ಆರು ಭಾನುವಾರ ಕಳೆದವು! ಈಗಿನ ಮನೆಯ ಮಾಲೀಕರು ಮಗನ ಮದುವೆಯೆಂದು ಎರಡು ತಿಂಗಳೊಳಗೆ ಖಾಲಿ ಮಾಡಿ ಎಂದಿದ್ದರು. ನಮಗೆ ಬೇಕಿದ್ದದ್ದು ಎರಡು ರೂಮಿನ ಮನೆ. ಇರುವವರು ನಾನು, ಸುಜಾತಾ, ಇಬ್ಬರು ಮಕ್ಕಳು, ಸಾದಲಿಯಿಂದ ಬಂದು ನಮ್ಮ ಜೊತೆಗಿರುವ ನನ್ನ ಅಮ್ಮ. "ಐದು ಜನಾನಾ? ನೀರು ಸಾಲಲ್ಲಪ್ಪ" ಎಂದು ಎಲ್ಲರೂ ಬಾಗಿಲಲ್ಲೇ ಕೈ ಮುಗಿಯುತ್ತಿದ್ದರು.

ಏಳನೆಯ ಭಾನುವಾರಕ್ಕೆ ನಾನೊಂದು ಮಹಾಯೋಜನೆ ರೂಪಿಸಿದೆ.

"ನೋಡು, ಮಾಲೀಕರ ಮುಂದೆ ನಮ್ಮ ಗುಟ್ಟಿನ ಮಾತೆಲ್ಲ ತೆಲುಗಲ್ಲಿ. ಮನೆ ಎಷ್ಟೇ ಚೆನ್ನಾಗಿರ್ಲಿ, ಕನ್ನಡದಲ್ಲಿ ಮಾತ್ರ ಮೂಗು ಮುರೀಬೇಕು."

"ಈ ಊರಲ್ಲಿ ತೆಲುಗು ಬರದೇ ಇರೋರು ಯಾರಿದಾರ್ರೀ?"

"ಇವತ್ತು ನೋಡೋ ಮನೆಯವರು ಮಂಡ್ಯ ಕಡೆಯವರಂತೆ ಕಣೇ. ರಿಟೈರ್ಡ್ ಕನ್ನಡ ಮೇಷ್ಟ್ರು. ಫೋನಲ್ಲೂ ಅಚ್ಚ ಕನ್ನಡ!"

ಸುಜಾತಾ ನಗರಗೆರೆಯವಳು, ತವರಲ್ಲಿ ತೆಲುಗೇ ಮನೆಮಾತು. ನನ್ನ ಯೋಜನೆಗೆ ಅವಳಿಗಿಂತ ಯೋಗ್ಯ ಸಹಾಯಕಿ ಇರಲಿಲ್ಲ.

"ದಯಮಾಡಿಸಬೇಕು" ಎಂದು ಮೇಷ್ಟ್ರು ಸ್ವಾಗತಿಸಿದಾಗ ನನ್ನ ಧೈರ್ಯ ದುಪ್ಪಟ್ಟಾಯಿತು. ಮನೆ ತೋರಿಸಿದರು. ಅಡುಗೆಮನೆಗೆ ಬೆಳಗಿನ ಬಿಸಿಲು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅಮ್ಮನಿಗೆ ಮೆಟ್ಟಿಲು ಹತ್ತುವ ಕಾಟವೇ ಇಲ್ಲ!

"ಇಲ್ಲು ಶಾನಾ ಬಾಗುಂದಿ" ಎಂದಳು ಸುಜಾತಾ. ಮನೆ ತುಂಬಾ ಚೆನ್ನಾಗಿದೆ ಎಂದರ್ಥ. ಮುಖ ಮಾತ್ರ ಹರಳೆಣ್ಣೆ ಕುಡಿದವಳಂತಿತ್ತು.

ನಾನು ಗಂಭೀರವಾಗಿ ಕನ್ನಡಕ್ಕೆ ತಿರುಗಿದೆ. "ಅಡುಗೆಮನೆ ಸ್ವಲ್ಪ ಇಕ್ಕಟ್ಟು ಸಾರ್."

"ಹಾಗೋ?" ಎಂದರು ಮೇಷ್ಟ್ರು.

ಬಾಡಿಗೆ ಹದಿನಾಲ್ಕು ಸಾವಿರ ಎಂದರು. ಹದಿಮೂರಾದರೂ ಬಿಡಬೇಡಿ, ಆದರೆ ಹತ್ತರಿಂದ ಶುರು ಮಾಡಿ ಎಂದು ಸುಜಾತಾಳಿಂದ ತೆಲುಗಿನಲ್ಲಿ ಅಪ್ಪಣೆಯಾಯಿತು. "ನಮ್ಮ ಕೈಲಿ ಆಗೋದು ಹತ್ತೇ ಸಾರ್" ಎಂದೆ. ಎಷ್ಟು ಜನ ಎಂದು ಕೇಳಿದರು. ಅಮ್ಮನ ಸುದ್ದಿ ಈಗ ಬೇಡ, ಸಾಮಾನಿನ ಜೊತೆ ಕರೆತಂದರಾಯಿತು ಎಂದು ತೆಲುಗಿನಲ್ಲಿ ನಿರ್ಣಯ ಮಂಡಿಸಿ, ಕನ್ನಡದಲ್ಲಿ "ನಾಲ್ಕೇ ಜನ" ಎಂದೆ. ಮೇಷ್ಟ್ರು ಕೈಯಾರೆ ಕಾಫಿ ಮಾಡಿ ತಂದರು. ಇದು ಕಾಫಿಯೋ, ಲೋಟ ತೊಳೆದ ನೀರೋ ಎಂದು ತೆಲುಗಿನಲ್ಲೇ ಕೇಳಿ, ನನ್ನ ಹಾಸ್ಯಕ್ಕೆ ನಾನೇ ನಕ್ಕೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಕರಾರಿನ ವಿವರಗಳನ್ನು ಹಾಳೆಯ ಮೇಲೆ ಬರೆದು ನನ್ನ ಕೈಗಿತ್ತರು. ಮುತ್ತಿನಂಥ ಅಕ್ಷರ. ಬಾಡಿಗೆ: ಹದಿಮೂರು ಸಾವಿರ. ವಾಸಿಸುವವರು: ಐದು ಜನ, ತಾಯಿಯವರೂ ಸೇರಿ. ಮನೆಯ ಸ್ಥಿತಿ: ಶಾನಾ ಬಾಗುಂದಿ!

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗಟ್ಟಿ ಗಾರೆ ನೆಲ, ಬಿಡಲಿಲ್ಲ.

"ಸಾರ್... ತಮಗೆ ತೆಲುಗು..."

"ಮೂವತ್ತು ವರ್ಷ ಬಾಗೇಪಲ್ಲಿ ಕಡೆ ಹಳ್ಳಿಗಳಲ್ಲಿ ಪಾಠ ಮಾಡಿದ್ದೀನಪ್ಪ. ಹುಡುಗರು ನನ್ನ ಬೈತಿದ್ದದ್ದೆಲ್ಲ ತೆಲುಗಲ್ಲೇ. ಕಲೀದೆ ಏನು ಮಾಡ್ಲಿ?"

ಸುಜಾತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಬೆವರುತ್ತ ಎದ್ದು ನಿಂತೆ. ಮೇಷ್ಟ್ರು ಕೈ ಹಿಡಿದು ಕೂರಿಸಿದರು.

"ಅಮ್ಮನ್ನ ಸಾಮಾನಿನ ಜೊತೆ ಯಾಕಪ್ಪ ತರ್ತೀಯಾ? ಮೊದಲು ಅವರೇ ಬರ್ಲಿ. ಹಾಲು ಅವರೇ ಉಕ್ಕಿಸ್ಲಿ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಹಾಗೆ ಅಮ್ಮನೇ ಹಾಲು ಉಕ್ಕಿಸಿದಳು. ಈಗ ಅವಳೂ ಮೇಷ್ಟ್ರೂ ಜಗಲಿಯಲ್ಲಿ ಕೂತು ತೆಲುಗಿನಲ್ಲಿ ನನ್ನನ್ನೇ ಆಡಿಕೊಳ್ಳುತ್ತಾರೆ. ಪ್ರತಿ ತಿಂಗಳು ಬಾಡಿಗೆ ಕೊಡಲು ಹೋದರೆ ಮೇಷ್ಟ್ರ ಕೈಯ ಕಾಫಿ ತಪ್ಪದು. ಅದೇ ಕಾಫಿ, ಲೋಟ ಮಾತ್ರ ದೊಡ್ಡದು! ಕಣ್ಣು ಮುಚ್ಚಿ ಕುಡಿದು, "ಶಾನಾ ಬಾಗುಂದಿ ಸಾರ್" ಎನ್ನುತ್ತೇನೆ.

"ಹಾಗಾದ್ರೆ ಇನ್ನರ್ಧ ಲೋಟ ಹಾಕ್ತೀನಿ ಇರಪ್ಪ" ಎನ್ನುತ್ತಾರೆ.

ಬೇಡ ಎನ್ನುವ ಧೈರ್ಯ ನನಗೆ ಯಾವ ಭಾಷೆಯಲ್ಲೂ ಇಲ್ಲ.