ಟೈಲರನ ಪಿತ್ತಕೋಶ

ಹೋದ ವರ್ಷ ಟೈಲರನ ಹೆಂಡತಿಯ ಕಲ್ಲು ತುಂಬಿದ ಪಿತ್ತಕೋಶವನ್ನು ಹೊಟ್ಟೆಗೆ ನಾಲ್ಕು ಪುಟ್ಟ ತೂತು ಮಾಡಿ, ಮುಕ್ಕಾಲು ಗಂಟೆಯಲ್ಲಿ ಹೊರಗೆ ತೆಗೆದಿದ್ದರು. ಮಾರನೆಯ ದಿನವೇ ಅವಳು ಮನೆಗೆ ಬಂದು ಒಲೆ ಹಚ್ಚಿದ್ದಳು. ಟೈಲರನ ತಾಪತ್ರಯಕ್ಕೆಲ್ಲ ಅದೇ ಮೂಲ. ಎಂಟು ತಿಂಗಳಿಂದ ಅವನಿಗೂ ಬಲಪಕ್ಕೆ ಹಿಂಡುತ್ತಿತ್ತು. ಹೆಂಗಸಿನ ಕಾಯಿಲೆ ತನಗೇಕೆ ಬಂದೀತು ಎಂದು ಸೋಡಾ ಕುಡಿದು ಮೆಶಿನ್ ತುಳಿಯುತ್ತಿದ್ದ. ಕೊನೆಗೊಂದು ದಿನ ಗಿರಾಕಿಯ ಸೊಂಟದ ಅಳತೆ ತೆಗೆಯುತ್ತಿದ್ದವನು ಟೇಪಿನ ಸಮೇತ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ನೋಡಿದರೆ ಅವನ ಪಿತ್ತಕೋಶದಲ್ಲೂ ಕಲ್ಲು.

ಆಪರೇಷನ್ನಿನ ಬೆಳಿಗ್ಗೆ, ಪಕ್ಕದ ಅಂಗಡಿಯ ಇಸ್ತ್ರಿಯವನು ಧೈರ್ಯ ಹೇಳಲು ವಾರ್ಡಿಗೆ ಬಂದ.

"ಹೆದರ್ಕೋಬೇಡಿ. ನಮ್ಮ ಮಾವನಿಗೂ ತೂತು ಅಂತಲೇ ಶುರು ಮಾಡಿದ್ರು. ಆಮೇಲೆ ಗೇಣುದ್ದ ಕೊಯ್ದ್ರು. ಗಂಡಸರಿಗೆ ಹಾಗೇ ಅಂತೆ!"

"ಯಾಕೆ, ಗಂಡಸರ ಹೊಟ್ಟೆ ಏನು ಗೋಣಿಚೀಲವಾ?"

ನಾಡಿ ಹಿಡಿದಿದ್ದ ಡಾಕ್ಟರಮ್ಮ ನಕ್ಕರು. "ಕಲ್ಲು ಜಾಸ್ತಿ ಬರೋದು ಹೆಂಗಸರಿಗೇ. ಡಾಕ್ಟರಿಗೆ ಕಾಟ ಕೊಡೋದು ಮಾತ್ರ ಗಂಡಸರ ಕಲ್ಲು. ನೋವು ನುಂಗ್ಕೊಂಡು ತಡವಾಗಿ ಬರ್ತೀರಿ. ಅಷ್ಟೊತ್ತಿಗೆ ಒಳಗೆಲ್ಲ ಊದ್ಕೊಂಡು ಅಂಟ್ಕೊಂಡಿರುತ್ತೆ."

ಹೆಂಡತಿ ಕಿಟಕಿಯ ಕಡೆ ನೋಡಿದಳು. ಬಾಯಿಬಿಟ್ಟು ಬೈದಿದ್ದರೇ ವಾಸಿಯಿತ್ತು.

"ನಂದು ಅರ್ಧ ಗಂಟೆ ಕೆಲಸ, ನೋಡ್ತಿರಿ," ಎಂದ ಟೈಲರ್. ಮಾತು ಹುಲಿಯದು, ದನಿ ಬೆಕ್ಕಿನದು.

ಸೂಜಿ ಚುಚ್ಚಿದರು. ತಲೆಯ ಮೇಲಿನ ದೀಪ ಹಾಲಿನಂತೆ ಹರಡಿತು. ಅಂಚಿಲ್ಲದ, ಹೊಲಿಗೆಯಿಲ್ಲದ ಬಿಳಿ ಬಟ್ಟೆಯೊಂದು ಬಿಚ್ಚಿಕೊಳ್ಳುತ್ತಲೇ ಹೋಯಿತು; ಅವನು ಅದರ ಮೇಲೆ ತೇಲಿದ. ಕತ್ತರಿ ಹಕ್ಕಿಯಾಗಿ ಹಾರಿತು. ದೂರದ ದಡದಲ್ಲಿ ಹೆಂಡತಿ ನಿಂತು, "ಬನ್ನಿ, ಇಷ್ಟೇ ದೂರ," ಎನ್ನುತ್ತಿದ್ದಳು. ಪಕ್ಕೆಯಲ್ಲಿ ನೋವೇ ಇಲ್ಲ. ಎಂಟು ತಿಂಗಳ ಮೇಲೆ ಬಂದ ಆ ನೆಮ್ಮದಿಗೆ ಅವನಿಗೆ ಕನಸಿನಲ್ಲೇ ಅಳು ಬಂತು.

ಕಣ್ಣು ಬಿಟ್ಟಾಗ ಗೋಡೆಯ ಗಡಿಯಾರ ನೀರಿನಲ್ಲಿ ಅದ್ದಿದಂತೆ ಕಂಡಿತು. ಒಳಗೆ ಹೋಗಿ ನಲವತ್ತೇ ನಿಮಿಷ! ಹೊದಿಕೆ ಎತ್ತಿ ಇಣುಕಿದ. ಪುಟ್ಟ ಪಟ್ಟಿಗಳು, ನಾಲ್ಕೇ ನಾಲ್ಕು!

"ನಿನಗಿಂತ ಐದು ನಿಮಿಷ ಬೇಗ ಕಣೇ!" ಎಂದು ಕೂಗಿದ. ಇಸ್ತ್ರಿಯವನು, "ಗಂಡಸರ ಮಾನ ಉಳಿಸಿದ್ರಿ," ಎಂದು ಕೈಮುಗಿದ. ಆಚೀಚೆ ಮಂಚದವರಿಗೂ ಸುದ್ದಿ ಮುಟ್ಟಿತು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ನರ್ಸ್ ಬಂದು ಗದರಬೇಕಾಯಿತು.

ಡಾಕ್ಟರಮ್ಮ ಒಳಗೆ ಬಂದರು. ಟೈಲರ್ ಮೀಸೆಯ ಮೇಲೆ ಕೈಯಾಡಿಸಿದ. "ಎಷ್ಟು ಕಲ್ಲು ಬಂತು ಡಾಕ್ಟ್ರೇ?"

"ಒಂದೂ ಬಂದಿಲ್ಲ."

"ಹಾಂ?"

"ನಾಲ್ಕೂ ತೂತು ಮಾಡಿ ಕ್ಯಾಮೆರಾ ಇಟ್ಟು ನೋಡಿದ್ವಿ. ಎಲ್ಲ ಅಂಟ್ಕೊಂಡು ಯಾವುದು ಏನು ಅಂತಲೇ ಗೊತ್ತಾಗ್ಲಿಲ್ಲ. ಕೈ ಹಾಕಿದ್ರೆ ಅಪಾಯ ಅಂತ ಹಾಗೇ ಮುಚ್ಚಿದ್ವಿ. ಅದಕ್ಕೇ ಬೇಗ ಮುಗಿದದ್ದು. ಎರಡು ತಿಂಗಳು ಔಷಧಿ ತಗೊಂಡು ಮತ್ತೆ ಬನ್ನಿ. ಆಗ ಗೇಣುದ್ದ ಕೊಯ್ಯಬೇಕಾಗಿ ಬಂದ್ರೂ ಬರಬಹುದು."

ಇಸ್ತ್ರಿಯವನಿಗೆ ಅಂಗಡಿಯ ನೆನಪಾಯಿತು, ಹೊರಟೇಬಿಟ್ಟ. ಹೆಂಡತಿ ಹೊದಿಕೆ ಸರಿಮಾಡಿ, ಗಂಡನ ಕೈ ಹಿಡಿದಳು.

"ಇನ್ನಾದ್ರೂ ಬಾಯ್ಬಿಟ್ಟು ಹೇಳ್ರೀ. ನೋಯ್ತಿದೆಯಾ?"

ಟೈಲರನ ಹಣೆಯಲ್ಲಿ ಬೆವರು ಮೂಡಿತ್ತು. ಹಲ್ಲು ಕಚ್ಚಿಕೊಂಡೇ ನಕ್ಕ.

"ನೋವಾ? ಎಲ್ಲಿದೆ ನೋವು?"