ಮಾವನ ಕೆರೆ, ನನ್ನ ಅವಲಕ್ಕಿ

ನಮ್ಮ ಮಾವನ ಮೈಯಲ್ಲಿ ರಕ್ತದ ಬದಲು ಕೆರೆಯ ನೀರು ಹರಿಯುತ್ತಿದೆ ಎಂಬುದು ನನ್ನ ಬಹುಕಾಲದ ಗುಮಾನಿ. ಒಮ್ಮೆ ರಕ್ತಪರೀಕ್ಷೆಗೆಂದು ಚಿಕ್ಕೋಡಿಗೆ ಕರೆದುಕೊಂಡು ಹೋದಾಗ ಸೂಜಿಯಲ್ಲಿ ಕೆಂಪು ಬಣ್ಣ ಕಂಡು ನನಗೇ ಆಶ್ಚರ್ಯವಾಯಿತು!

ಮಾವ ಎಂದರೆ ನಮ್ಮವ್ವನ ತಮ್ಮ. ಮೂವತ್ತು ವರ್ಷ ಬೋರಗಾಂವದ ಪಾವರಲೂಮಿನಲ್ಲಿ ಬಟ್ಟೆ ನೇಯ್ದು, ಅರ್ಧ ಕಿವಿಯನ್ನು ಅಲ್ಲೇ ಬಿಟ್ಟು, ಕಬ್ಬೂರಿನ ಕಡೆಯ ನಮ್ಮ ಊರಿಗೆ ಬಂದು ನೆಲೆಸಿದವನು. ಹೇಳಿದ್ದರಲ್ಲಿ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾನೆ. ಏನು ತುಂಬಿಕೊಳ್ಳುತ್ತಾನೆ? ಈಜು! ಮತ್ತೇನು?

ಮಳೆಯಿರಲಿ ಚಳಿಯಿರಲಿ, ಬೆಳಗಾಗುವುದರೊಳಗೆ ಮಾವ ಕೆರೆಯಲ್ಲಿ. ವಾಪಸು ಬರುವಾಗ ಓಣಿಯ ಪ್ರತಿ ಮನೆಯ ಮುಂದೆ ನಿಂತು, ಯಾರೂ ಕೇಳದಿದ್ದರೂ, ಆ ದಿನದ ನೀರಿನ ವರದಿ ಒಪ್ಪಿಸುತ್ತಾನೆ. "ಇವತ್ತ ನೀರ ಭಾಳ ಗಾರ ಐತ್ರಿ, ಬರ್ಫ ಇದ್ದಂಗ. ನಡಾ ತನಕ ಇಳದ ನಿಂದರ್ರಿ, ಆಮ್ಯಾಲ ಮುಳಗ್ರಿ!" ಎದುರು ಮನೆಯ ಅಜ್ಜಿ, "ಯಪ್ಪಾ, ನಾ ಅರಬಿ ಒಗ್ಯಾಕ ಹೊಂಟೀನೋ, ಮುಳಗಾಕಲ್ಲ" ಎಂದರೆ, "ಹೌದ್ರಿ, ಹಂಗಽ ಮಾಡ್ರಿ" ಎಂದು ಮುಂದಿನ ಮನೆಗೆ ನಡೆಯುತ್ತಾನೆ.

ಅವನ ಲೆಕ್ಕದಲ್ಲಿ ಒಂದೊಂದು ಕಾಲದ ನೀರಿಗೆ ಒಂದೊಂದು ಹೆಸರು. ಬೇಸಿಗೆಯದು ‘ಇಲೆಕ್ಷನ್ ನೀರು’: ಮೇಲೆ ನಾಲ್ಕು ಬೆರಳು ಬೆಚ್ಚಗೆ, ಒಳಗೆ ಕಾಲಿಟ್ಟರೆ ಥಂಡ! ಮೊದಲ ಮಳೆಗೆ ಕೆಮ್ಮಣ್ಣು ಹರಿದು ಬಂದದ್ದು ‘ಚಾದ ನೀರು’, ಅದರಲ್ಲಿ ಈಜಿದರೆ ಮೈ ತುರಿಸುತ್ತದೆ. ದೀಪಾವಳಿ ಕಳೆದ ಮೇಲೆ, ನಸುಕಿನಲ್ಲಿ ಕೆರೆಯ ಮೇಲೆ ಹಬೆ ಆಡುತ್ತದಲ್ಲ, ಅದು ‘ಅಕ್ಕನ ನೀರು’. "ಒಳಗ ಇರೂ ತನಕ ಬೆಚ್ಚಗ ಇರತೈತಿ, ಹೊರಗ ಬಂದಿ ಅಂದ್ರ ನಡಗಸತೈತಿ" ಎಂದು ವಿವರಣೆ ಬೇರೆ. ಇದು ಹೊಗಳಿಕೆಯೋ ಬೈಗುಳವೋ ಎಂದು ನಮ್ಮವ್ವ ಇವತ್ತಿಗೂ ತೀರ್ಮಾನಿಸಿಲ್ಲ.

ಈ ಪಂಚಾಂಗಕ್ಕೆ ಸ್ವಲ್ಪ ವಿಜ್ಞಾನ ಸೇರಿಸೋಣವೆಂದು, ಶಾಲೆಯ ಟೀಚರಾದ ನಾನು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಅವನ ಕೈಗೆ ಕೊಟ್ಟೆ. ಅದ್ದಿದ. ಅಷ್ಟು ತಣ್ಣನೆಯದನ್ನು ಅಳೆದು ಅದಕ್ಕೆಲ್ಲಿ ರೂಢಿ? ಅಂಕಿಯೇ ಬರಲಿಲ್ಲ. ಮಾವ ಅದನ್ನು ಒರೆಸಿ ನನಗೆ ವಾಪಸು ಕೊಟ್ಟು, "ಚಿಂತಿ ಮಾಡಬ್ಯಾಡ. ಕೆರಿಗೆ ಜ್ವರ ಇಲ್ಲ!" ಎಂದ.

ಇಂಥವನ ಕೈಯಲ್ಲಿ ನನ್ನ ಲಗ್ನದ ಜವಾಬ್ದಾರಿ ಇತ್ತು ನೋಡಿ! ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಬಂದ ವರಗಳನ್ನೆಲ್ಲ ನಾನು ಬೇಡವೆಂದಿದ್ದೆ, ಇಲ್ಲವೇ ಅವರು ಬೇಡವೆಂದಿದ್ದರು. ಕೊನೆಗೆ ಗಡಿಯಾಚೆ, ಮಹಾರಾಷ್ಟ್ರದ ಇಚಲಕರಂಜಿಯ ಒಬ್ಬ ಮಾಸ್ತರನ ಫೋಟೋ ಬಂತು. ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ: ಆ ಫೋಟೋವನ್ನು ನಾನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಇದೊಂದು ಕೂಡಿ ಬರಲಿ ಎಂದು ದೇವರಿಗೂ ಕೈಮುಗಿದಿದ್ದೆ.

ಹುಡುಗನ ಅಪ್ಪ ಮಾವನಿಗೆ ಫೋನ್ ಮಾಡಿ ಮರಾಠಿಯಲ್ಲಿ, "ರವಿವಾರಿ ಪೋಹೇ ಖಾಯಲಾ ಯೇತೋ" ಎಂದರಂತೆ. ಪೋಹೆ ಅಂದರೆ ಅವಲಕ್ಕಿ. ಅವಲಕ್ಕಿ ತಿನ್ನಲು ಬರುತ್ತೇವೆ ಎಂದರೆ ಹೆಣ್ಣು ನೋಡಲು ಬರುತ್ತೇವೆ ಎಂದೇ ಅರ್ಥ; ಗಡಿಯ ಈ ಕಡೆಯ ನಮಗೂ ಅದು ಗೊತ್ತು. ಆದರೆ ಮಾವನ ಕಿವಿ ‘ಪೋಹಾಯಲಾ ಯೇತೋ’ ಎಂದು ಕೇಳಿಸಿಕೊಂಡಿತು. ಮರಾಠಿಯಲ್ಲಿ ಹಾಗೆಂದರೆ, ಈಜಲು ಬರುತ್ತೇವೆ!

"ಅಕ್ಕಾ, ಅವರು ರವಿವಾರ ಬರೇ ಈಜಾಕ ಬರಾಕತ್ತಾರಂತ" ಎಂದು ಮಾವ ಕುಣಿಯುತ್ತ ಬಂದ. "ಇಂಥಾ ಮನೆತನ ಎಲ್ಲಿ ಸಿಗತೈತಿ!"

"ಹೆಣ್ಣ ನೋಡೂ ಮಂದಿ ಈಜಾಕ ಯಾಕ ಬರತಾರೋ?" ಎಂದಳು ಅವ್ವ.

"ಶಾಣ್ಯಾ ಮಂದಿ. ಮೊದಲ ನೀರ ನೋಡತಾರ, ಆಮ್ಯಾಲ ಹೆಣ್ಣ. ನೀವೇನೂ ತ್ರಾಸ ತಗೋಬ್ಯಾಡ್ರಿ."

ನಾವು ತಗೊಳ್ಳಲಿಲ್ಲ. ಮಾವನ ಮಾತು ನಂಬಿದೆವಲ್ಲ, ನಮಗೆ ಏನೆನ್ನಬೇಕು! ಜನವರಿಯ ಆ ರವಿವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಬಡಿದುಕೊಂಡು, ಹಳೆಯ ನೈಟಿಯ ಮೇಲೆ ಶಾಲು ಹೊದ್ದು ಅಂಗಳ ಗುಡಿಸುತ್ತಿದ್ದೆ. ಮಾವ ಊರ ಬಾಗಿಲಲ್ಲೇ ಅವರ ಗಾಡಿ ತಡೆದು ನೇರ ಕೆರೆಗೆ ಕರೆದೊಯ್ದಿದ್ದ. ಎದುರು ಮನೆಯ ಅಜ್ಜಿ ಓಡಿ ಬಂದು, "ಯವ್ವಾ, ನಿನ್ನ ತಮ್ಮ ಬೀಗರನ್ನ ಮುಳಗಸಾಕತ್ತಾನ!" ಎಂದಾಗಲೇ ನಮಗೆ ತಿಳಿದದ್ದು.

ಅವ್ವ ಮುಂದೆ, ನಾನು ಹಿಂದೆ, ಓಟ. ನನ್ನ ಭಾವಿ ಪತಿಯನ್ನು ನಾನು ಮೊದಲ ಸಲ ಪ್ರತ್ಯಕ್ಷ ಕಂಡದ್ದು ಹೀಗೆ: ಟ್ರ್ಯಾಕ್ಟರಿನ ಟ್ಯೂಬಿನ ನಡುವೆ ಒಂದು ತಲೆ, ಎರಡು ನೀಲಿ ತುಟಿ! ಪಾಪ, ಕರ್ನಾಟಕದಲ್ಲಿ ವರಪರೀಕ್ಷೆ ಹೀಗೇ ಇರಬೇಕೆಂದು ತಿಳಿದು, ಈಜು ಬಾರದಿದ್ದರೂ ಇಳಿದುಬಿಟ್ಟಿದ್ದ. ಮಾವ ಪಕ್ಕದಲ್ಲೇ ತೇಲುತ್ತ, "ಕಾಲ ಬಡೀರಿ, ಕಾಲ ಬಡೀರಿ!" ಎಂದು ಕೂಗುತ್ತಿದ್ದ. ದಂಡೆಯ ಮೇಲೆ ರೇಷ್ಮೆ ಸೀರೆಯ ಬೀಗಿತಿ ದೇವರನ್ನು ನೆನೆಯುತ್ತಿದ್ದರು.

ಬೀಗರಿಗೆ ತಾಳ್ಮೆ ತಪ್ಪಿತು. "ಅಹೋ, ಆಮ್ಹೀ ಪೋಹೇ ಖಾಯಲಾ ಆಲೋ! ಅವಲಕ್ಕಿ ತಿನ್ನಾಕ ಬಂದೇವ್ರಿ ನಾವು!"

ಮಾವನಿಗೆ ಈ ಸಲ ಪೂರ್ತಿ ಕೇಳಿಸಿತು. ಅವ್ವ ಅವನನ್ನು ಬೈಯಲು ಸುರು ಮಾಡಿದಳು. ಬೀಗರು ಯಾರನ್ನು ಬೈಯಬೇಕೆಂದು ಹುಡುಕುತ್ತಿದ್ದರು. ಹುಡುಗ ಮೇಲೆ ಬಂದು ನಡುಗುತ್ತ ನಿಂತಿದ್ದ, ನಾನು ನನ್ನ ಶಾಲು ತೆಗೆದು ಅವನಿಗೆ ಹೊದಿಸಿದೆ.

ಮನೆಗೆ ಬಂದು ಅವಲಕ್ಕಿ ಒಗ್ಗರಣೆ ಹಾಕಿದ್ದಾಯಿತು. ಹುಡುಗ ತುತ್ತಿಗೊಮ್ಮೆ ಸೀನಿದ. "ತಿಳಸತೇವ್ರಿ" ಎಂದು ಎದ್ದು ಹೋದರು. ಆ ಮಾತಿನ ಅರ್ಥ ಯಾರಿಗೆ ತಿಳಿಯದು? ನಾನು ಅಡಿಗೆಮನೆಯಲ್ಲಿ ಅತ್ತೆ. ಮಾವ ಮೂರು ದಿನ ನೀರಿಗೆ ಇಳಿಯಲಿಲ್ಲ, ಓಣಿಗೆ ವರದಿಯೂ ಬರಲಿಲ್ಲ.

ನಾಲ್ಕನೆಯ ದಿನ ಬೀಗರ ಫೋನ್ ಬಂತು, ಈ ಸಲ ಅವ್ವನಿಗೆ. "ಹುಡುಗ ಅಕಿನ್ನಽ ಮಾಡಕೋತೀನಿ ಅಂತಾನ್ರಿ. ಎಲ್ಲಾರೂ ಜಗಳದಾಗ ಇದ್ದಾಗ ಅಕಿ ಒಬ್ಬಾಕಿ ನನ್ನ ನೋಡಿದಳು ಅಂತಾನ."

ಅವ್ವ ಊರಿಗೆಲ್ಲ ಸಕ್ಕರೆ ಹಂಚಲು ಹೊರಟಳು. ನಾನು ಮಾವನನ್ನು ಹುಡುಕಿಕೊಂಡು ಕೆರೆಗೆ ಹೋದೆ. ಮೆಟ್ಟಿಲ ಮೇಲೆ ಒಣ ಬಟ್ಟೆಯಲ್ಲಿ ಸುಮ್ಮನೆ ಕೂತಿದ್ದ.

"ಮಾವಾ, ಒಪ್ಪ್ಯಾರಂತ!" ಎಂದು ಕಿವಿಯ ಹತ್ತಿರ ಕೂಗಿದೆ.

"ಅಕ್ಕ ಸಕ್ಕರಿ ಡಬ್ಬಿ ಹಿಡದ ಹೊಂಟಾಗಽ ಗೊತ್ತಾತು" ಎಂದ, ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮತ್ಯಾಕ ಹಿಂಗ ಕುಂತಿ?"

"ಆ ಊರಿನ ನೀರ ನನಗ ಗೊತ್ತಿಲ್ಲವ್ವಾ."

ನಾನು ನಕ್ಕೆ. "ನಾ ಅಲ್ಲಿಗೆ ಈಜಾಕ ಹೊಂಟೀನೇನು?"

ಮಾವ ನಗಲಿಲ್ಲ. "ಹೊಸಾ ನೀರಿಗೆ ಒಮ್ಮಿಗೇ ಬೀಳಬ್ಯಾಡ. ಮೊದಲ ಕಾಲಷ್ಟ ಇಡು. ಎದಿ ಝಲ್ ಅಂತೈತಿ, ಅದು ಎಲ್ಲಾರಿಗೂ ಆಕೈತಿ, ಅಂಜಬ್ಯಾಡ. ಸ್ವಲ್ಪ ಹೊತ್ತಿಗೆ ಮೈಗೆ ಹೊಂದತೈತಿ. ಹೊಂದಲಿಲ್ಲ ಅಂದ್ರ..." ಅವನು ಕೆರೆಯ ಕಡೆ ಮುಖ ತಿರುಗಿಸಿದ. "ಹೊಂದಲಿಲ್ಲ ಅಂದ್ರ ಯಾರಿಗೂ ಕೇಳಾಕ ಹೋಗಬ್ಯಾಡ, ಎದ್ದ ಬಂದಬಿಡು. ನಿಮ್ಮಪ್ಪ ಇಲ್ಲ ಅಂದ್ರ ಏನಾತು, ದಂಡಿ ಮ್ಯಾಲ ನಾ ನಿಂತಿರತೀನಿ."

ನಾನು ಅವನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ. ಮಾವನ ಅಂಗಿ ಅವತ್ತು ಕೆರೆಗೆ ಇಳಿಯದೆಯೇ ತೊಯ್ದಿತು.